ಕಲ್ಲುಗಳನ್ನು ಬಣ್ಣವಾರು ಜೋಡಿಸಿದ ನಿರ್ದೇಶಕರಿಗೆ

ಖನಿಜ ಶೋಧನಾ ಕಚೇರಿಯ ಮಾನ್ಯ ನಿರ್ದೇಶಕರೇ,

ತಾವು ನಮ್ಮ ಕಲ್ಲಿನ ಉಗ್ರಾಣವನ್ನು ಚೊಕ್ಕಟ ಮಾಡಿಸಿ ಹಾಳು ಮಾಡಿದ್ದೀರಿ. ಹದಿನೆಂಟು ವರ್ಷದಿಂದ ಅದನ್ನು ನೋಡಿಕೊಂಡು ಬಂದವಳು ನಾನು. ಟಪಾಲಿನಲ್ಲಿ ಕಳಿಸಿದ ಮೂರು ಪತ್ರಗಳನ್ನು ತಾವು ಇನ್ನೂ ಒಡೆದೇ ಇಲ್ಲವೆಂದು ತಮ್ಮ ಗುಮಾಸ್ತರು ಹೇಳಿದ್ದರಿಂದ, ಇದನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಮಗಳ ಹೆರಿಗೆಗೆಂದು ಮೂರು ದಿನ ರಜೆ ಹೋಗಿದ್ದೆ. ಅಷ್ಟರಲ್ಲಿ ಯಾರೋ ಗಣ್ಯರು ಬರುತ್ತಾರೆಂದು ತಮ್ಮ ಆದೇಶ ಬಂತು: "ಕಲ್ಲುಗಳನ್ನು ತೊಳೆದು, ಬಣ್ಣವಾರು ಅಂದವಾಗಿ ಜೋಡಿಸತಕ್ಕದ್ದು." ಯಂತ್ರ ಎಂಟು ತಿಂಗಳು ನೆಲ ಕೊರೆದು ಎತ್ತಿದ ದುಂಡು ಕಲ್ಲಿನ ತುಂಡುಗಳವು. ಆಳದಿಂದ ಬಂದ ಸರದಿಯಲ್ಲೇ ಪೆಟ್ಟಿಗೆಗಳಲ್ಲಿ ಮಲಗಿಸಿ, ನಡುನಡುವೆ ಆಳ ಬರೆದ ಮರದ ತುಂಡು ಇಟ್ಟಿದ್ದೆ. ಬಂದು ನೋಡಿದರೆ ಬಿಳಿಯ ಜೊತೆ ಬಿಳಿ, ಹಸಿರಿನ ಜೊತೆ ಹಸಿರು. ಅಬ್ಬಬ್ಬಾ, ಟೈಲ್ಸ್ ಅಂಗಡಿಯವರೂ ನಾಚಬೇಕು! ಮರದ ತುಂಡುಗಳೆಲ್ಲಿ ಎಂದರೆ ಕಸ ಗುಡಿಸುವಾಕೆ ಅಳುಮುಖ ಮಾಡಿ, "ಅಕ್ಕಾ, ಕಸ ಎಲ್ಲ ತೆಗೀರಿ ಅಂದ್ರು. ದೊಡ್ಡೋರಿಗೆ ಟೀ ಕಾಯ್ಸೋಕೆ ಒಲೆಗೆ ಹಾಕ್ಬಿಟ್ಟೆ," ಎಂದಳು. ಪಾಪ, ಅವಳದೇನು ತಪ್ಪು?

ತಮಗೆ ಯಾರೂ ಹೇಳಿಕೊಟ್ಟಂತಿಲ್ಲ, ನಾನೇ ಹೇಳುತ್ತೇನೆ. ನೆಲದಾಳದ ಬಿಸಿನೀರು ಕಲ್ಲಿನೊಳಗಿನ ತಾಮ್ರವನ್ನು ಕರಗಿಸಿಕೊಂಡು ಬಿರುಕುಗಳಲ್ಲಿ ಮೇಲೇರುತ್ತದೆ. ಏರಿದಂತೆ ತಣ್ಣಗಾಗಿ, ಹೊತ್ತು ತಂದದ್ದನ್ನು ಅಲ್ಲೇ ಇಳಿಸಿಬಿಡುತ್ತದೆ. ಸಕ್ಕರೆ ಪಾಕ ಆರಿದಾಗ ಹರಳುಗಟ್ಟುವುದಿಲ್ಲವೇ, ಹಾಗೆ. ಆ ನೀರಿನ ಬಿಸಿಗೆ ಅಕ್ಕಪಕ್ಕದ ಕಲ್ಲೂ ಬೆಂದು ಬದಲಾಗುತ್ತದೆ: ದೂರದ್ದು ಹಸಿರು, ಹತ್ತಿರದ್ದು ಜೇಡಿಯಂತೆ ಮೆತ್ತಗೆ, ಬಿಳಿ. ಹಸಿರು ಮುಗಿದು ಬಿಳಿ ಶುರುವಾದರೆ ಅದಿರು ಹತ್ತಿರವಿರಬಹುದೆಂದು ನಮ್ಮ ಲೆಕ್ಕ. ಬಣ್ಣ ಬೇಕು ಸ್ವಾಮಿ, ಆದರೆ ಯಾವುದರ ನಂತರ ಯಾವುದು ಬಂತೆಂಬುದೇ ಅದರ ಜೀವ. ಪುಸ್ತಕದ ಪದಗಳನ್ನೆಲ್ಲ ಕತ್ತರಿಸಿ, ಅ ಆ ಇ ಈ ಪ್ರಕಾರ ಜೋಡಿಸಿ ಓದುವ ಪದ್ಧತಿ ತಮ್ಮ ಮನೆಯಲ್ಲಿದೆಯೇ?

ಈಗ ತಮ್ಮಿಂದ ಎರಡು ಕಾಗದ ಬಂದಿವೆ. ಒಂದರಲ್ಲಿ, ಅದಿರಿನ ಕುರುಹು ಯಾವ ಆಳದಲ್ಲೂ ಕಾಣದ ಕಾರಣ ಸೋಮವಾರ ಯಂತ್ರ ಎತ್ತಿ, ಕೊರೆದ ತೂತಿಗೆ ಸಿಮೆಂಟು ತುಂಬಬೇಕಂತೆ. ಇನ್ನೊಂದರಲ್ಲಿ, ಕಲ್ಲುಗಳ ಸರದಿ ಕಾಪಾಡದ್ದಕ್ಕೆ ನಾನು ಸಮಜಾಯಿಷಿ ಕೊಡಬೇಕಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಕೊನೆಯ ನಲವತ್ತು ಮೀಟರಿನ ವಿವರ ವಹಿಗೆ ಬರೆಯದೆ ಹೋದದ್ದು ನನ್ನ ತಪ್ಪು, ಒಪ್ಪುತ್ತೇನೆ. ಮೊಮ್ಮಗಳು ನನ್ನ ವಹಿಗಾಗಿ ಕಾಯಲಿಲ್ಲ. ವಹಿಯಲ್ಲಿರುವಷ್ಟು ಆಳದಲ್ಲಿ ಹಸಿರೇ ಹೆಚ್ಚು, ನಡುವೆ ಅಲ್ಲಲ್ಲಿ ಚೂರುಪಾರು ಬಿಳಿ. ಆದರೆ ಯಂತ್ರ ನಡೆಸುವ ಹಿರಿಯ ಮೇಸ್ತ್ರಿ ಹೇಳುವುದೇ ಬೇರೆ: "ನೋಡಮ್ಮಾ, ಕೊನೇ ಪೆಟ್ಟಿಗೆ ಪೂರ್ತಿ ಬಿಳೀನೇ. ನಾನೇ ಕೈಯಾರೆ ಎತ್ತಿಟ್ಟಿದೀನಿ. ಇನ್ನೊಂದಿಪ್ಪತ್ತು ಮೀಟರ್ ಕೊರೆಯೋಕೆ ಬಿಟ್ಟಿದ್ರೆ..." ಎಂಟು ತಿಂಗಳು ಕೆಸರಲ್ಲಿ ನಿಂತ ಮನುಷ್ಯನ ಬಾಯಿಮಾತು ದಾಖಲೆಯಲ್ಲವಂತೆ.

ಆದ್ದರಿಂದ ಸೋಮವಾರಕ್ಕೆ ಮುಂಚೆ ತಾವೇ ಉಗ್ರಾಣಕ್ಕೆ ಬನ್ನಿ. ಒಂದೇ ಒಂದು ಪೆಟ್ಟಿಗೆಯ ಕಲ್ಲುಗಳನ್ನು ನೆಲದಡಿ ಇದ್ದ ಸರದಿಯಲ್ಲಿ ಜೋಡಿಸಿ ತೋರಿಸಿ. ತೋರಿಸಿದರೆ ಅಲ್ಲೇ ರಾಜೀನಾಮೆ ಬರೆದುಕೊಡುತ್ತೇನೆ. ಆಗದಿದ್ದರೆ ಇನ್ನಿಪ್ಪತ್ತು ಮೀಟರ್ ಕೊರೆಯಲು ಅಪ್ಪಣೆ ಕೊಡಿ. ಆಗಲೂ ಬರಿಗಲ್ಲೇ ಬಂದರೆ, ಇಲ್ಲಿ ಅದಿರಿಲ್ಲವೆಂಬ ಕಾಗದಕ್ಕೆ ನಾನೂ ಸಹಿ ಹಾಕುತ್ತೇನೆ. ಇವತ್ತು ಮಾತ್ರ ಹಾಕಲಾರೆ. ಆ ನೆಲದಡಿ ಏನಿದೆಯೆಂದು ತಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗೊತ್ತಿಲ್ಲ ಎನ್ನುವ ಧೈರ್ಯ ಮಾತ್ರ ಇಬ್ಬರಲ್ಲಿ ಒಬ್ಬರಿಗಷ್ಟೇ ಇದೆ.

ಇಂತಿ,
ಅಂದವಾಗಿ ಜೋಡಿಸಲು ಇನ್ನೂ ಕಲಿಯದ,
ತಮ್ಮ ಉಗ್ರಾಣದ ಕಾವಲಿನವಳು