ಸಿಸಿಲಿ ಬಾಯಿಯ ತೀರ್ಪು ಬಂತು, ಪ್ರೊಫೆಸರ್

ನನ್ನ ಪ್ರೊಫೆಸರರಿಗೆ,

ಅಲ್ ಐನ್‌ನ ವಿಶ್ವವಿದ್ಯಾಲಯದ ಆ ಮೊದಲ ತರಗತಿ ನೆನಪಿದೆಯೇ? ಚಳಿಗಾಲಕ್ಕೆ ಜರ್ಮನಿಯಿಂದ ಪಾಠ ಮಾಡಲು ಬರುತ್ತಿದ್ದ ನೀವು ಅಪರಾಧ ಕಾನೂನನ್ನು ನಿಮ್ಮ ಅಪ್ಪನಿಂದಲೇ ಶುರು ಮಾಡಿದಿರಿ. ಯುದ್ಧಕಾಲದ ನ್ಯಾಯಾಧೀಶರು. ಸರ್ಕಾರವನ್ನು ಬೈದವರನ್ನೂ ಸಾವಿಗೆ ಕಳಿಸಿದವರು. ಯುದ್ಧ ಮುಗಿದ ಮೇಲೂ ಅದೇ ಕುರ್ಚಿಯಲ್ಲಿ ಕೂತವರು. ಊಟದ ಮೇಜಿನಲ್ಲಿ ನೀವು ಕೇಳಿದಿರಂತೆ, "ಸಾಯುವಂಥದ್ದು ಅವರೇನು ಮಾಡಿದ್ದರು?" "ಕಾನೂನು ಹಾಗಿತ್ತು" ಎಂದು ಅಪ್ಪ ಊಟ ಮುಂದುವರಿಸಿದರಂತೆ. ಆ ಉತ್ತರದ ವಿರುದ್ಧ ನೀವು ಜೀವಮಾನವಿಡೀ ಬರೆದಿರಿ. ತಪ್ಪಿಗಿಂತ ಶಿಕ್ಷೆ ದೊಡ್ಡದಾಗಬಾರದು, ಒಬ್ಬರ ಸಂಕಟ ತಣಿಸಲು ಇನ್ನೊಬ್ಬರನ್ನು ಬಲಿ ಕೊಡಬಾರದು ಎಂದು. ದುಬೈಯಿಂದ ಬಸ್ಸು ಹತ್ತಿ ಬರುತ್ತಿದ್ದ ನಾನು, ಮಂಗಳೂರಿನಲ್ಲಿ ಲಾ ಓದಿದವಳು, ಅದನ್ನು ಬರೆದುಕೊಂಡೆ ಅಷ್ಟೇ.

ಸಿಸಿಲಿ ಬಾಯಿಯ ವಿಷಯ ಹೇಳಲು ದುಬೈಯ ಜುಮೇರಾದಲ್ಲಿರುವ ನನ್ನ ಆಫೀಸಿನಿಂದ ಫೋನ್ ಮಾಡಿದಾಗ ನಿಮಗಾಗಲೇ ಕಾಯಿಲೆ. ಆಕೆ ಕಾರ್ಕಳದವರು, ಅಬುಧಾಬಿಯ ಮನೆಯೊಂದರಲ್ಲಿ ಮಗು ನೋಡಿಕೊಳ್ಳುತ್ತಿದ್ದರು. ಮಗುವನ್ನು ಸ್ನಾನದ ಟಬ್ಬಿನಲ್ಲಿ ಕೂರಿಸಿ ಬಾಗಿಲು ತೆಗೆಯಲು ಹೋಗಿದ್ದರು. ವಾಪಸ್ ಬರುವಷ್ಟರಲ್ಲಿ... ಪೊಲೀಸರು ಕೇಳಿದ್ದಕ್ಕೆಲ್ಲ ಅವರದು ಒಂದೇ ಉತ್ತರ: "ನಾನೇ ಕೊಂದದ್ದು." ಆ ಮಾತಿನ ಮೇಲೆಯೇ ಕೊಲೆಯ ಆರೋಪ ನಿಂತಿತ್ತು. ಡಾಕ್ಟರು ಬೇಡವೆಂದರೂ ನೀವು ವಿಮಾನ ಹತ್ತಿದಿರಿ. ಯಾಕೆ ಬಂದಿರಿ? ನಾನು ಕೊನೆಗೂ ಕೇಳಲಿಲ್ಲ.

ಜೈಲಿನ ಭೇಟಿಯ ಕೋಣೆಯಲ್ಲಿ ನಿಮ್ಮ ಗಾಲಿಕುರ್ಚಿಯನ್ನು ಅವರೆದುರು ನಿಲ್ಲಿಸಿ ನಾನು ದುಭಾಷಿಯಾಗಿ ಕೂತೆ. ಮಗುವನ್ನು ಬಿಟ್ಟು ಏಳುವಾಗ ಮನಸ್ಸಿನಲ್ಲಿ ಏನಿತ್ತು ಎಂದು ಕೇಳಿದಿರಿ.

"ಎಂತ ಇರ್ಲಿಕ್ಕುಂಟು ಸರ್? ಬೆಲ್ ಹೊಡೀತಾ ಇತ್ತು. ಈಗ ಬಂದೆ ಮುದ್ದು ಅಂತ ಹೇಳಿ ಹೋದದ್ದು. ನನ್ನನ್ನು ಬಿಡಿಸ್ಬೇಡಿ. ಕೊಲ್ಲಲಿ, ಖಲಾಸ್."

ನೀವು "ಮಾಡದ ಕೊಲೆಯನ್ನು ಒಪ್ಪಿಕೊಳ್ಳುವ ಹಕ್ಕು ನಿಮಗೂ ಇಲ್ಲ" ಎಂದಿರಿ. ನಾನು ಕನ್ನಡದಲ್ಲಿ ಹೇಳಿದೆ.

"ಆದ್ರೆ ಮಗು ಹೋಯ್ತಲ್ಲ ಸರ್," ಎಂದರು ಅವರು.

ಅದಕ್ಕೆ ನಿಮ್ಮ ಪುಸ್ತಕಗಳಲ್ಲಿ ಉತ್ತರವಿತ್ತೇ? ನೀವು ಕೈ ಚಾಚಿ ಅವರ ಕೈ ಹಿಡಿದುಕೊಂಡಿರಿ. ವಾಪಸ್ ಬರುವಾಗ ಕಾರಿನಲ್ಲಿ ಉಸಿರು ಕಟ್ಟುತ್ತಿದ್ದರೂ ವಾದದ ಸಾಲುಗಳನ್ನು ಹೇಳಿ ಬರೆಸಿದಿರಿ: ನಿರ್ಲಕ್ಷ್ಯ ಬೇರೆ, ಉದ್ದೇಶ ಬೇರೆ, ಪಶ್ಚಾತ್ತಾಪವನ್ನು ತಪ್ಪೊಪ್ಪಿಗೆ ಎಂದು ಓದಬಾರದು...

ವಿಚಾರಣೆಗೆ ಮೊದಲೇ ನೀವು ಹೋಗಿಬಿಟ್ಟಿರಿ. ಆ ಸುದ್ದಿ ಹೇಳಲು ನಿಮ್ಮ ಮಗಳು ಫೋನ್ ಮಾಡಿದಾಗ ನಾನು ನಿಮ್ಮ ಆ ಸಾಲುಗಳನ್ನೇ ಇಲ್ಲಿನ ವಕೀಲರಿಗೆ ಓದಿ ಹೇಳುತ್ತಿದ್ದೆ. ಅವರು ಅವನ್ನು ಅರಬ್ಬಿಯಲ್ಲಿ ಮಂಡಿಸಿದರು. ಕೊಲೆಯ ಆರೋಪ ಬಿದ್ದುಹೋಯಿತು, ಪ್ರೊಫೆಸರ್. ನಿರ್ಲಕ್ಷ್ಯ ಎಂದು ತೀರ್ಪಾಯಿತು. ಸಿಸಿಲಿ ಬಾಯಿ ಶಿಕ್ಷೆ ಮುಗಿಸಿ ಊರು ಸೇರಿದ್ದಾರೆ.

ಮೊನ್ನೆ ಅವರ ಫೋನ್ ಬಂದಿತ್ತು. ಆ ಮುದಿ ಸರ್ ಹೇಗಿದ್ದಾರೆ ಎಂದು ಕೇಳಿದರು. ಹೇಳಿದೆ. "ಇಗರ್ಜಿಯಲ್ಲಿ ಅವರ ಹೆಸರಲ್ಲಿ ಒಂದು ಪೂಜೆ ಕೊಡ್ತೇನೆ" ಎಂದರು. ನೀವು ಚರ್ಚಿಗೇ ಹೋಗುವವರಲ್ಲ ಎಂದು ನಾನು ಹೇಳಲಿಲ್ಲ.

"ಮತ್ತೆ ಮೇಡಂ, ಮಗುವಿನ ಹೆಸರೂ ಸೇರಿಸಬಹುದಾ? ನಾನು ಆ ಹೆಸರು ಹೇಳಿದ್ರೆ ಮಗುವಿನ ಅಮ್ಮನಿಗೆ ನೋವಾಗ್ತದಾ?"

ನೀವಿದ್ದಿದ್ದರೆ ನಿಮ್ಮನ್ನೇ ಕೇಳುತ್ತಿದ್ದೆ.