ಏಟು ತಡೆಯುವ ಬಟನ್

ಅಕ್ಕಾ,

ಈ ಕಾಗದ ನಿನ್ನ ಕೈ ಸೇರುವುದಿಲ್ಲವೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಇವತ್ತು ಮಧ್ಯಾಹ್ನ ಭಾವ ಬಂದಿದ್ದರು. ನೀನು ತೀರಿಹೋಗಿ ಮೂರು ತಿಂಗಳಾದ ಮೇಲೆ ಇದೇ ಮೊದಲು. ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದು ನೀನು ನನ್ನ ಜೊತೆ ಆಡುತ್ತಿದ್ದ ಕತ್ತಿವರಸೆಯ ವಿಡಿಯೋ ಗೇಮನ್ನು ಅವರೂ ಒಮ್ಮೆ ಆಡಿ ನೋಡಬೇಕಂತೆ. ಆಟಗಾರರ ಪಟ್ಟಿಯಲ್ಲಿ ನೀನು ಯಾವಾಗಲೂ ಆರಿಸುತ್ತಿದ್ದ ಈಟಿ ಹಿಡಿದ ಮುದುಕನನ್ನೇ ಆರಿಸಿಕೊಂಡರು.

ನೀನು ನನ್ನ ಕತ್ತಿಗೆ ಹೆದರಿ ಹಿಂದಹಿಂದಕ್ಕೆ ಸರಿದು, ಕಣದ ಅಂಚಿನಿಂದ ನೀನಾಗಿಯೇ ಬೀಳುತ್ತಿದ್ದೆ. "ಬಿದ್ದೆ ಕಣೇ" ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ಭಾವ ಎರಡು ಏಟು ತಿಂದವರೇ ಕೇಳಿದರು, "ತಡೆಯೋಕೆ ಯಾವ ಬಟನ್ನು?"

ತೋರಿಸಿದೆ. ನೀನು ಎರಡು ವರ್ಷದಲ್ಲಿ ಒಮ್ಮೆಯೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಾನೇನು ಮಹಾ ಆಟಗಾರ್ತಿಯಲ್ಲ. ನಿನಗಿಂತ ಹೆಚ್ಚಿಗೆ ನನಗೆ ಗೊತ್ತಿದ್ದುದು ಅದೊಂದೇ.

"ಅವಳಿಗೂ ಇದು ಗೊತ್ತಿತ್ತಾ?"

"ಗೊತ್ತಿತ್ತು ಭಾವ."

"ಮತ್ತೆ, ದಿನಾ ಸೋತೇ ಬರ್ತಿದ್ಳಲ್ಲ?"

"ನಾನು ಗೆಲ್ಲಲಿ ಅಂತ."

ಭಾವ ಪರದೆಯನ್ನೇ ನೋಡುತ್ತಾ ತಲೆಯಾಡಿಸಿದರು. "ಹೌದು, ಅವಳು ಇದ್ದದ್ದೇ ಹಾಗೆ."

ಇನ್ನೊಂದು ಆಟ ಆಡಿದೆವು. ಅವರ ಒಂದು ಏಟನ್ನೂ ನಾನು ತಡೆಯಲಿಲ್ಲ.