ಈರಣ್ಣ ಹೊತ್ತ ಹೊಣೆ

ಹುಬ್ಬಳ್ಳಿ
ಫೆಬ್ರವರಿ ೩೦, ೨೧೪೩

ಪೂಜ್ಯ ಪ್ರೊಫೆಸರ್ ಗಿರಿಜಾ ಯಾವಗಲ್ ಅವರಿಗೆ, ನಿಸರ್ಗಾ ಕುಂದಗೋಳ ಮಾಡುವ ನಮಸ್ಕಾರಗಳು.

ತಾರೀಖು ಕಂಡು ಗಾಬರಿಯಾಗಬೇಡಿ. ಈ ಓಲೆ ಮುಂದಿನ ಕಾಲದಿಂದ ಹಿಂದಕ್ಕೆ ನಿಮ್ಮ ಕೈಗೆ ಬರುತ್ತಿದೆ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತು ದಿನ. ಮಿಕ್ಕ ದಿನಗಳು ವರ್ಷದ ಕೊನೆಗೆ ರಜೆ. ನಿಮ್ಮ ಕಾಲದ ಕನ್ನಡವನ್ನು ನಾನು ಓದಿ ಕಲಿತವಳು, ಆಡಿ ಕಲಿತವಳಲ್ಲ. ಮಾತು ಎಲ್ಲಾದರೂ ತೊಡರಿದರೆ ಮನ್ನಿಸಬೇಕು.

ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಹೆಂಗಸರಿಗೆ ಪ್ಯಾಕಿಂಗ್, ಗಂಡಸರಿಗೆ ಯಂತ್ರ ಎಂದು ಹಂಚಿದವರು ಯಾರು ಎಂದು ನೀವು ವರ್ಷಗಟ್ಟಲೆ ಅಧ್ಯಯನ ಮಾಡಿದಿರಿ. ಬರೆದದ್ದು ಮಾಲೀಕರಿಗೆ ಹಿಡಿಸಲಿಲ್ಲ; ಈ ಓಲೆ ನಿಮ್ಮ ಕೈ ಸೇರುವ ವಾರವೇ ನಿಮಗೆ ಗೇಟು ಮುಚ್ಚಿದ್ದಾರೆ. ಇಷ್ಟು ವರ್ಷ ಪಾಠ ಹೇಳಿ ಏನು ಬಂತು ಎಂದು ನೀವು ಕೊರಗುತ್ತಿದ್ದೀರಿ. ಬಂದದ್ದೇನೆಂದು ನಾನು ಹೇಳುತ್ತೇನೆ.

ನಿಮ್ಮ ತರಗತಿಯಲ್ಲಿ ಎದ್ದು ನಿಂತು ವಾದಿಸಿದ ಈರಣ್ಣ ನನ್ನ ಮುತ್ತಜ್ಜ. ಹೆಣ್ಣುಮಕ್ಕಳೇ ಪ್ಯಾಕಿಂಗ್ ಬೇಕೆನ್ನುತ್ತಾರೆ ಎಂದು ಆತ ಹಟ ಹಿಡಿದಾಗ ನೀವು ಸಿಟ್ಟಾಗಲಿಲ್ಲ.

"ಹಂಗಂತ ಯಾರಂದ್ರು? ಹೋಗಿ ಅವರನ್ನs ಕೇಳ್ಕೊಂಡ ಬಾ," ಎಂದಿರಿ.

ಆತ ಹೋಗಿ ಗೇಟಿನ ಹೊರಗಿನ ಚಹಾದಂಗಡಿಯಲ್ಲಿ ಕೇಳಿದ. ಯಂತ್ರದ ಕೆಲಸ ಬೇಕೇ ಎಂದು ತಮ್ಮನ್ನು ಈವರೆಗೆ ಯಾರೂ ಕೇಳಿಯೇ ಇಲ್ಲವೆಂದು ಹೆಂಗಸರು ನಕ್ಕರಂತೆ. ನಾಚಿಕೆಯಿಂದ ಆತ ಅದನ್ನು ನಿಮಗೆ ಹೇಳಲಿಲ್ಲ.

ಮುಂದೆ ಅದೇ ಕಾರ್ಖಾನೆಗೆ ಆತ ಮ್ಯಾನೇಜರ್ ಆದ. ಮಾಲೀಕರೊಡನೆ ಗುದ್ದಾಡಿ ಹೆಂಗಸರಿಗೆ ಯಂತ್ರ ಕಲಿಸತೊಡಗಿದ. ಗಂಡಸರೂ ಸರದಿಯಂತೆ ಪ್ಯಾಕಿಂಗಿಗೆ ಬಂದರು. ಯಂತ್ರ ಕಲಿಯಲು ಮೊದಲು ಮುಂದೆ ಬಂದವಳು ರೇಣವ್ವ. ಆದರೆ ದೊಡ್ಡ ಆರ್ಡರ್ ಒಂದರ ಅವಸರಕ್ಕೆ ಮುತ್ತಜ್ಜ ಕಲಿಕೆಯ ದಿನಗಳನ್ನು ಮೊಟಕುಗೊಳಿಸಿದ. ರೇಣವ್ವನ ಕೈ ಯಂತ್ರಕ್ಕೆ ಸಿಕ್ಕಿ ಎರಡು ಬೆರಳು ಮುರಿದವು. ಹೆಂಗಸರ ಕೈಗೆ ಯಂತ್ರ ಕೊಟ್ಟರೆ ಆಗುವುದೇ ಇದು ಎಂದರು ಮಾಲೀಕರು. ಹಾಗೆಂದು ಬರೆದ ವರದಿಗೆ ಸಹಿ ಹಾಕಿದ್ದರೆ ಮುತ್ತಜ್ಜನಿಗೆ ಬಡ್ತಿ ಸಿಗುತ್ತಿತ್ತು. ಆತ ಇಡೀ ಪಾಳಿಯವರನ್ನು ಅಂಗಳಕ್ಕೆ ಕರೆದ.

"ಆಕಿ ಹೆಣ್ಣು ಅಂತ ಹಿಂಗಾಗಿಲ್ಲ. ಕಲಿಸೋದನ್ನ ನಾನs ಕಡಿಮಿ ಮಾಡಿದ್ದೆ. ತಪ್ಪು ನಂದು."

ಬಡ್ತಿ ಹೋಯಿತು. ಕೈ ವಾಸಿಯಾದ ಮೇಲೆ ರೇಣವ್ವ ಪ್ಯಾಕಿಂಗಿಗೆ ಮರಳದೆ ಅದೇ ಯಂತ್ರದ ಮುಂದೆ ನಿಂತಳು. ನಂತರದ ವರ್ಷಗಳಲ್ಲಿ ಗಂಡಸರಿಗೂ ಅವಳೇ ಕಲಿಸಿದಳು. ಮುತ್ತಜ್ಜ ತನ್ನ ಮಗಳಿಗೆ, ಅಂದರೆ ನನ್ನ ಅಜ್ಜಿಗೆ, ಈ ಕತೆ ಹೇಳುವಾಗಲೆಲ್ಲ ನಿಮ್ಮ ಹೆಸರು ತೆಗೆಯದೆ ಮುಗಿಸುತ್ತಿರಲಿಲ್ಲವಂತೆ.

ಈಗ ನಮ್ಮ ಎಲ್ಲ ಕಾರ್ಖಾನೆಗಳಲ್ಲೂ ವರ್ಷಕ್ಕೊಮ್ಮೆ ತೂಗುದಿನ ಇದೆ. ಅಂದು ಹೊಣೆಗಾರರು, ಅಂದರೆ ನಿಮ್ಮ ಮ್ಯಾನೇಜರುಗಳು, ಮುತ್ತಜ್ಜನಂತೆ ಕೆಲಸಗಾರರ ಮುಂದೆ ನಿಂತು ತಮ್ಮ ತಪ್ಪುಗಳನ್ನು ತಾವೇ ತೂಗಿ ಹೇಳುತ್ತಾರೆ. ಆಮೇಲೆ ಎಲ್ಲರೂ ಕೂಡಿ ರೊಟ್ಟಿ ಊಟ ಮಾಡುತ್ತೇವೆ, ಬಡಿಸುವವರೂ ಹೊಣೆಗಾರರೇ. ಕೂಸಿಗೆ ಜ್ವರವೆಂದು ಅಪ್ಪನಾದವನು ಕೆಲಸ ಬಿಟ್ಟು ಮನೆಗೆ ಹೊರಟರೆ ಯಾರೂ ಬೆರಗಿನಿಂದ ತಲೆಯೆತ್ತಿ ನೋಡುವುದಿಲ್ಲ.

ನಮ್ಮಲ್ಲೂ ಎಲ್ಲ ಸರಿಯಿಲ್ಲ. ಹಂಚಿದ್ದೆಲ್ಲ ನ್ಯಾಯವಾಗಿಯೇ ಇದೆ ಎಂಬ ಸೋಮಾರಿತನ ಬೆಳೆಯುತ್ತಿದೆ. ಅದಕ್ಕೇ ಒಂದು ಬೇಡಿಕೆ: ನಿಮ್ಮೊಡನೆ ವಾದಿಸುವವರನ್ನು ಮುಂದಿನ ಬೆಂಚಿಗೆ ಕರೆಯಿರಿ.

ಇವತ್ತು ನನ್ನನ್ನು ಕಾರ್ಖಾನೆಯ ಮುಖ್ಯ ಹೊಣೆಗಾರಳನ್ನಾಗಿ ಆರಿಸಿದರು. ಚಪ್ಪಾಳೆ ಬಿತ್ತು, ಚೇಷ್ಟೆಯೂ ನಡೆಯಿತು. ಹೆಣ್ಣೊಬ್ಬಳು ಈ ಜಾಗಕ್ಕೆ ಬಂದಳೆಂದು ಮಾತ್ರ ಯಾರೂ ಹೇಳಲಿಲ್ಲ. ಅದು ಯಾರಿಗೂ ಹೊಳೆಯಲೇ ಇಲ್ಲ, ಮೇಡಂ.

ನಿಮ್ಮ ಶಿಷ್ಯನ ಮರಿಮಗಳು,
ನಿಸರ್ಗಾ